ಮೊಮ್ಮಗಳ ಉಸಿರು ಎಣಿಸಿದ ದಿನಗಳು

ನಮ್ಮ ಬೀದಿಯಲ್ಲಿ ಎಳೆಮಕ್ಕಳಿಗೆ ನೀರು ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದನ್ನು ನಾನೂ ಹೇಳಿಕೊಳ್ಳುತ್ತಿದ್ದೆ, ಬೇರೆಯವರೂ ಹೇಳುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆ ತಿಕ್ಕಿ, ಹಂಡೆಯ ನೀರನ್ನು ಚೊಂಬಿನಲ್ಲಿ ಒಂದೇ ಸಮನೆ ಹುಯ್ಯುತ್ತಿದ್ದರೆ ಎಂಥ ಹಠಮಾರಿ ಮಗುವಿಗೂ ಕಣ್ಣು ಎಳೆಯುತ್ತಿತ್ತು. ಅರಸೀಕೆರೆಯ ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ಮೇಲೆ ನನಗೆ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ. ಯಾರ ಮನೆಗೆ ಬಾಣಂತಿ ಬಂದರೂ ನನ್ನನ್ನು ಕರೆಯುತ್ತಿದ್ದರು, ಕರೆಯದಿದ್ದರೆ ನನಗೆ ಕೋಪ ಬರುತ್ತಿತ್ತು.

ನೀರು ಹಾಕಿದ ಮೇಲೆ ಹೊಗೆ ಹಾಕುವುದು. ಅಗ್ಗಿಷ್ಟಿಕೆಯಲ್ಲಿ ತೆಂಗಿನ ಕರಟದ ಕೆಂಡ ಮಾಡಿಕೊಂಡು, ಅದರ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ, ಸ್ವಲ್ಪ ಓಮ, ನಾಲ್ಕು ಬೆಳ್ಳುಳ್ಳಿ ಸಿಪ್ಪೆ ಉದುರಿಸಬೇಕು. ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಸಂದುಗಳಿಂದ ಏಳುವ ಹೊಗೆಗೆ ಮಗುವಿನ ತಲೆ, ಬೆನ್ನು, ಎದೆ ಒಡ್ಡಬೇಕು. ತಲೆಯ ತೇವ ಆರುತ್ತದೆ, ಶೀತ ಕೂರುವುದಿಲ್ಲ, ನಿದ್ದೆ ಬರುತ್ತದೆ ಎಂದು ನನ್ನ ತಾಯಿ ಕಲಿಸಿಕೊಟ್ಟಿದ್ದಳು. ನಾಲ್ಕನೇ ತರಗತಿಯವರಿಗೆ ಕರಿಹಲಗೆಯ ಮೇಲೆ ಎರಡು ಶ್ವಾಸಕೋಶ ಬರೆದು, ಹೊಗೆ ಇದಕ್ಕೆ ಶತ್ರು ಎಂದು ಕೆಳಗೆ ಬರೆಸುತ್ತಿದ್ದ ಕೈಯೇ ಮನೆಗೆ ಬಂದು ಸಾಂಬ್ರಾಣಿ ಉದುರಿಸುತ್ತಿತ್ತು. ಪಾಠದ ಹೊಗೆ ಲಾರಿಯದು, ಕಾರ್ಖಾನೆಯದು, ಬೀಡಿಯದು. ನನ್ನ ಹೊಗೆ ದೇವರ ಮುಂದೆಯೂ ಹಾಕುವಂಥದ್ದು. ಎರಡೂ ಒಂದೇ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ನನ್ನ ಮನೆಗೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಹಳೇಬೀಡಿನ ಹತ್ತಿರ, ಹುಲಿಕೆರೆ ಕಡೆಯ ಒಂದು ರೈತರ ಮನೆಗೆ. ಅಳಿಯ ಬೇಲೂರಿನ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾನೆ, ಅವನ ತಂದೆ ರಾಗಿ, ತೆಂಗು ನೋಡಿಕೊಂಡಿದ್ದಾರೆ. ಹುಟ್ಟಿದ್ದು ಹೆಣ್ಣು ಮಗು. ಐದನೇ ತಿಂಗಳಿಗೆ ತಾಯಿ ಮಗುವನ್ನು ಆ ಮನೆಗೆ ಕಳಿಸಿಕೊಡುವುದೆಂದು ಮಾತಾಗಿತ್ತು. ಅಷ್ಟರೊಳಗೆ ಮೊಮ್ಮಗಳನ್ನು ಉಂಡೆಯ ಹಾಗೆ ಬೆಳೆಸಿ, ಬೀಗರ ಮನೆಯವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡಬೇಕೆಂದು ನನಗೆ ಹಟ.

ಮಗುವಿಗೆ ಮೂರು ತಿಂಗಳು ತುಂಬಿದಾಗ ಒಂದು ಭಾನುವಾರ ಅಳಿಯನ ತಂದೆ, ನಮ್ಮ ಬೀಗರು, ನೋಡಲು ಬಂದಿದ್ದರು. ಮಾತು ಕಡಿಮೆಯ ಮನುಷ್ಯ. ನನ್ನನ್ನು ಬೀಗಿತ್ತಿ ಎನ್ನದೆ ಟೀಚರಮ್ಮ ಎಂದೇ ಕರೆಯುತ್ತಾರೆ. ಅವರ ಪಂಚೆಯ ಮಡಿಕೆಯಲ್ಲಿ ಬೀಡಿ ಕಟ್ಟು ಇರುತ್ತಿತ್ತು, ಸೇದಬೇಕೆನಿಸಿದಾಗ ಗೇಟಿನ ಆಚೆ ಹೋಗಿ, ರಸ್ತೆಯ ಆ ಕಡೆ ನಿಂತು ಸೇದಿ, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿಕೊಂಡು ಒಳಗೆ ಬರುತ್ತಿದ್ದರು. ಅಂದು ಸಾಯಂಕಾಲದ ಬಸ್ಸಿನವರೆಗೂ ಮಗು ಅವರ ತೊಡೆಯ ಮೇಲೇ ಇತ್ತು. ಅವರು ಹೋದ ಮೇಲೆ ಮಗುವಿನ ಬಟ್ಟೆ ಮೂಸಿ ನೋಡಿ, ಬೀಡಿ ವಾಸನೆ ಎಂದು ನಾನು ಮುಖ ಸಿಂಡರಿಸಿದ್ದೆ. ಮಗಳು, "ಮಾವ ಹೊರಗೆ ಹೋಗೇ ಸೇದಿದ್ದಲ್ವಾಮ್ಮ," ಎಂದಿದ್ದಳು.

ಎಂಟು ದಿನ ಕಳೆದಿರಬೇಕು, ಮಗುವಿಗೆ ಮೂಗು ಕಟ್ಟಿತು. ಮಾರನೆಯ ದಿನ ಕೆಮ್ಮು, ಅದರ ಮಾರನೆಯ ದಿನ ಮೈ ಬಿಸಿ. ಡಾಕ್ಟರ ಹತ್ತಿರ ಹೋಗೋಣ ಎಂದು ಮಗಳು ಬೆಳಿಗ್ಗೆಯಿಂದ ಮೂರು ಸಲ ಹೇಳಿದಳು. ಮೂರನೆಯ ಸಲ ನನಗೆ ರೇಗಿತು. "ನಿನ್ನನ್ನ ಸಾಕಿದ್ದು ಯಾರು, ಡಾಕ್ಟರಾ? ಕಫ ಕಟ್ಟಿದೆ ಅಷ್ಟೇ. ಇವತ್ತು ಇನ್ನೊಂದು ಸ್ವಲ್ಪ ಜಾಸ್ತಿ ಹೊಗೆ ಹಾಕಿದ್ರೆ ಕಿತ್ತುಕೊಂಡು ಬರುತ್ತೆ," ಎಂದೆ. ಸ್ನಾನ ಮಾಡಿಸಲಿಲ್ಲ, ಜ್ವರ ಇದೆಯಲ್ಲ, ಅಷ್ಟು ಬುದ್ಧಿ ಇತ್ತು ನನಗೆ. ಹೊಗೆ ಮಾತ್ರ ಎರಡು ಸಲ ಹಾಕಿದೆ. ಓಮ ಧಾರಾಳವಾಗಿ ಉದುರಿಸಿದೆ. ಗಾಳಿ ಆಡಬಾರದೆಂದು ಕಿಟಕಿ ಮುಚ್ಚಿದ್ದೆ. ಮಗು ಮೊದಲು ಕೊಸರಾಡಿತು, ಕೆಮ್ಮಿತು, ಆಮೇಲೆ ಸುಮ್ಮನಾಯಿತು.

ಹನ್ನೊಂದು ಗಂಟೆಗೆ ಮಲಗಿದ ಮಗು ಮೂರಾದರೂ ಏಳಲಿಲ್ಲ. ಎರಡು ದಿನದಿಂದ ಕಿರಿಕಿರಿ ಮಾಡುತ್ತಿದ್ದ ಮಗು ಹೀಗೆ ನಿದ್ದೆ ಹೋದದ್ದು ನೋಡಿ ನಾನು ಬೀಗುತ್ತಾ ಓಡಾಡಿದೆ. ಹಾಲು ಕುಡಿಸಬೇಕು, ಎಬ್ಬಿಸುತ್ತೇನೆ ಎಂದ ಮಗಳನ್ನು ಬಾಗಿಲಲ್ಲೇ ತಡೆದು, "ನಿದ್ದೆಗಿಂತ ಔಷಧಿ ಇಲ್ಲ, ಮುಟ್ಟಬೇಡ," ಎಂದೆ. ಈ ಮಾತನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡೆನೋ ನನಗೇ ಗೊತ್ತಿಲ್ಲ.

ಮೂರು ಗಂಟೆಗೆ ಮಗಳು ನನ್ನ ಮಾತು ಮೀರಿ ಒಳಗೆ ಹೋದಳು. ಮಗುವಿನ ಜುಬ್ಬದ ಗುಂಡಿ ಬಿಚ್ಚಿದವಳು ಅಮ್ಮಾ ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಬಂದರು. ಮಗು ಉಸಿರು ಎಳೆದುಕೊಂಡಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಮೊಲೆಗೆ ಹಾಕಿಕೊಂಡರೆ ಎರಡು ಸಲ ಚೀಪಿ ಬಿಟ್ಟುಬಿಟ್ಟಿತು. ಅಳುವುದಕ್ಕೂ ಅದಕ್ಕೆ ತ್ರಾಣ ಇರಲಿಲ್ಲ. ನಾನು ನಿದ್ದೆ ಎಂದುಕೊಂಡದ್ದು ನಿದ್ದೆಯಾಗಿರಲಿಲ್ಲ.

ಆಟೋದಲ್ಲಿ ಊರಿನ ಮಕ್ಕಳ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೆಂಗಸು, ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪನ್ನು ಕಾಲ್ಬೆರಳಿಗೆ ಹಾಕಿ ನೋಡಿದರು, ಆಮೇಲೆ ಮಗುವನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು. ಮೂಗಿಗೆ ಸಣ್ಣ ಪೈಪು ಇಟ್ಟು ಆಕ್ಸಿಜನ್ ಹಾಕಿ, ಕೈಗೆ ಸೂಜಿ ಚುಚ್ಚಿ ಔಷಧಿ ಶುರು ಮಾಡಿದ ಮೇಲೆ ಕಡತ ಹಿಡಿದುಕೊಂಡು ನಮ್ಮ ಹತ್ತಿರ ಬಂದರು. ನ್ಯುಮೋನಿಯಾ, ಎರಡೂ ಕಡೆ ಇದೆ, ಎರಡು ದಿನ ಏನೂ ಹೇಳುವುದಕ್ಕಾಗುವುದಿಲ್ಲ ಎಂದರು. ಆಮೇಲೆ ಕೇಳಿದರು:

"ಮನೇಲಿ ಮಗೂಗೆ ಸಾಂಬ್ರಾಣಿ ಹೊಗೆ ಏನಾದ್ರೂ ಹಾಕ್ತೀರಾ?"

"ಇಲ್ಲಮ್ಮ," ಎಂದೆ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು. "ಅದೆಲ್ಲ ಹಳ್ಳಿ ಕಡೆ. ನಾನು ಟೀಚರ್ ಆಗಿದ್ದೋಳು."

"ಬೀಡಿ, ಸಿಗರೇಟು ಸೇದೋರು ಇದ್ದಾರಾ?"

"ಮನೇಲಿ ಯಾರೂ ಇಲ್ಲ. ನಮ್ಮ ಬೀಗರು ಸೇದ್ತಾರೆ. ಹೋದ ವಾರ ಬಂದು ಇಡೀ ದಿನ ಮಗೂನ ಎತ್ಕೊಂಡಿದ್ರು."

ಅವರು ಕೇಳಿದ್ದು ಸೇದುವವರು ಇದ್ದಾರಾ ಎಂದು ಮಾತ್ರ. ಹೋದ ವಾರ, ಇಡೀ ದಿನ, ಎತ್ಕೊಂಡಿದ್ರು ಎಂಬುದನ್ನೆಲ್ಲ ಸೇರಿಸಿದ್ದು ನಾನು. ಡಾಕ್ಟರು ಬರೆದುಕೊಂಡು, ಬೀಡಿ ಸೇದುವವರು ಮಗುವನ್ನು ಮುಟ್ಟುವುದು ಬೇಡ ಎಂದರು. ಮಗಳು ನನ್ನ ಮುಖವನ್ನು ಒಮ್ಮೆ ನೋಡಿ, ತಿರುಗಿ ಮಗುವಿನ ಕಡೆ ನೋಡುತ್ತಾ ಕೂತಳು. ಮಗುವಿನ ನೆತ್ತಿಯ ಕೂದಲಿನಿಂದ ಸಾಂಬ್ರಾಣಿಯ ವಾಸನೆ ಇನ್ನೂ ಬರುತ್ತಿತ್ತು. ನನ್ನ ಸೀರೆಯಿಂದಲೂ ಬರುತ್ತಿತ್ತು.

ರಾತ್ರಿ ಅಳಿಯ ಬಂದು ಹೊರಗಿನ ಓಡಾಟವನ್ನೆಲ್ಲ ವಹಿಸಿಕೊಂಡ. ಮಾರನೆಯ ಬೆಳಿಗ್ಗೆ ಡಾಕ್ಟರು ನನಗೆ ಉಸಿರು ಎಣಿಸುವುದನ್ನು ಹೇಳಿಕೊಟ್ಟರು. ಮಗು ಅಳದೆ ಸುಮ್ಮನಿರುವಾಗ, ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಗಡಿಯಾರ ನೋಡಿಕೊಂಡು ಪೂರಾ ಒಂದು ನಿಮಿಷ ಎಣಿಸಬೇಕು. ಹೊಟ್ಟೆ ಒಂದು ಸಲ ಮೇಲೆದ್ದು ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ತಪ್ಪಾಗುತ್ತದೆ ಎಂದರು. ಲೆಕ್ಕ ಹೇಳಿಕೊಟ್ಟವಳಿಗೇ ಲೆಕ್ಕ ಹೇಳಿಕೊಡುತ್ತಾರೆ ಎಂದು ಬೇರೆ ದಿನವಾಗಿದ್ದರೆ ನನಗೆ ಮುನಿಸು ಬರುತ್ತಿತ್ತು. ಆಸ್ಪತ್ರೆಯ ಎದುರಿನ ಅಂಗಡಿಯಿಂದ ಒಂದು ಗೆರೆ ನೋಟ್‌ಬುಕ್ಕು ತರಿಸಿ, ಹಾಜರಿ ಪುಸ್ತಕದ ಹಾಗೆ ಗೀಟು ಹಾಕಿ, ವೇಳೆ, ಉಸಿರು, ಹಾಲು, ಒದ್ದೆಯಾದ ಬಟ್ಟೆ ಎಂದು ಮೇಲೆ ಬರೆದೆ. ಮೊದಲ ಸಾಲಿನಲ್ಲಿ ಬರೆದದ್ದು ಅರವತ್ತಾರು. ಎಣಿಸುವಾಗ ನನ್ನ ನಾಲಗೆಯೇ ಹಿಂದೆ ಬೀಳುತ್ತಿತ್ತು, ಅಷ್ಟು ಬೇಗ ಬೇಗ ಆ ಸಣ್ಣ ಹೊಟ್ಟೆ ಏಳುತ್ತಿತ್ತು.

ಹತ್ತು ಗಂಟೆಗೆ ಬೀಗರು ಬಂದರು. ಜಾವಗಲ್ ಮೇಲೆ ಬರುವ ಮೊದಲ ಬಸ್ಸು ಹಿಡಿದಿದ್ದರು. ಒಂದು ಕೈಯಲ್ಲಿ ನಾಲ್ಕು ಎಳನೀರು, ಇನ್ನೊಂದರಲ್ಲಿ ಬಟ್ಟೆ ಚೀಲ. ಬಾಣಂತಿಗೆ ಎಳನೀರು ಶೀತ ಎಂಬುದು ಗೇಟಿನ ಹತ್ತಿರ ನೆನಪಾಗಿ, ಅವನ್ನು ಅಲ್ಲಿ ಕೂತಿದ್ದ ಯಾರಿಗೋ ಕೊಟ್ಟುಬಿಟ್ಟರಂತೆ. ಆದರೆ ಒಳಗೆ ಬರಲಿಲ್ಲ. ನಾನೇ ಹೊರಗೆ ಹೋಗಿ ನೋಡಿದರೆ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಿಂತಿದ್ದರು.

"ಒಳಗೆ ಬನ್ನಿ ಬೀಗರೇ," ಎಂದೆ.

"ಬ್ಯಾಡ ಟೀಚರಮ್ಮ. ನಮ್ಮ ಹುಡುಗ ರಾತ್ರಿ ಫೋನ್ ಮಾಡಿದ್ದ. ಬೀಡಿ ಸೇದೋರು ಮಗೀನ ಮುಟ್ಟಬಾರ್ದು ಅಂತ ಡಾಕ್ಟ್ರು ಅಂದವ್ರಂತೆ. ನಂದು ಅಂಗಿ, ಕೈ, ಎಲ್ಲಾ ಅದೇ ವಾಸ್ನೆ. ನಾನು ಇಲ್ಲೇ ಇರ್ತೀನಿ." ಆಮೇಲೆ, "ಉಸ್ರು ಎಷ್ಟೈತೆ?" ಎಂದು ಕೇಳಿದರು.

"ಅರವತ್ತಾರು."

"ಎಷ್ಟಿರಬೇಕು?"

"ಐವತ್ತರ ಒಳಗೆ ಬರಬೇಕಂತೆ."

ಅವರು ತಲೆ ಆಡಿಸಿದರು. ನಾನು ಒಳಗೆ ಬಂದುಬಿಟ್ಟೆ. ಅಲ್ಲೇ ಹೇಳಬಹುದಿತ್ತು. ಮಗು ಇಂಥ ಸ್ಥಿತಿಯಲ್ಲಿರುವಾಗ ಈಗ ಅದೆಲ್ಲ ಯಾಕೆ, ಮೊದಲು ಮಗು ಹುಷಾರಾಗಲಿ, ಆಮೇಲೆ ನೋಡಿಕೊಂಡರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಭಯ. ಬಾಣಂತನ ಮಾಡಿದವಳು ಮಗುವಿನ ಎದೆ ಕೆಡಿಸಿದಳು ಎಂದು ಹಳೇಬೀಡಿನವರೆಗೂ ಮಾತಾಗುತ್ತದಲ್ಲ ಎಂಬ ಭಯ.

ಮೂರನೆಯ ದಿನ ಮಗುವಿನ ಮೈ ತಣ್ಣಗಾಯಿತು. ನರ್ಸು ಸೂಜಿ ಮುಟ್ಟಿದರೂ ಅಳಲಿಲ್ಲ, ಔಷಧಿಯನ್ನು ಮಂಜಿನಂತೆ ಬಿಡುವ ನೆಬ್ಯುಲೈಸರ್ ಮುಖಕ್ಕೆ ಹಿಡಿದರೂ ಅಳಲಿಲ್ಲ. ನಾನು ಓಡಿಹೋಗಿ ಡಾಕ್ಟರಿಗೆ, "ಜ್ವರ ಬಿಟ್ಟಿದೆ, ಹಟ ಮಾಡ್ತಿಲ್ಲ, ಪರವಾಗಿಲ್ಲ ಅಲ್ವಾ?" ಎಂದೆ. ಅವರು ಬಂದು ಕ್ಲಿಪ್ಪಿನ ಮೇಲಿನ ಸಂಖ್ಯೆ ನೋಡಿ, ಆಕ್ಸಿಜನ್ ಇನ್ನಷ್ಟು ಹೆಚ್ಚಿಸಿದರು.

"ಜ್ವರ ಇಳಿದಿರೋದು ಔಷಧಿಯಿಂದ. ಅಷ್ಟಕ್ಕೇ ಹುಷಾರಾಯ್ತು ಅನ್ಕೋಬೇಡಿ," ಎಂದರು. "ಅಳೋ ಮಗೂಗೆ ನಾನು ಹೆದರಲ್ಲ ಅಮ್ಮ. ಅಳದೇ ಇರೋದಕ್ಕೆ ಹೆದರ್ತೀನಿ."

ಆ ಹೊತ್ತಿನ ಎಣಿಕೆ ಅರವತ್ತೆಂಟು. ಒಂದೇ ತಪ್ಪನ್ನು ಮೂರು ದಿನದಲ್ಲಿ ಎರಡು ಸಲ ಮಾಡಿದ್ದೆ. ನನ್ನ ತರಗತಿಯ ಮಗುವಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಇಡೀ ಜನ್ಮವೆಲ್ಲ ಗದ್ದಲ ಮಾಡಬೇಡಿ, ಸುಮ್ಮನೆ ಕೂತಿರಿ ಎಂದು ಮಕ್ಕಳಿಗೆ ಹೇಳಿದವಳು ನಾನು. ಸುಮ್ಮನಿದ್ದ ಮಗುವೇ ಒಳ್ಳೆಯ ಮಗು ಎಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಂದು ಮಧ್ಯಾಹ್ನ ಮಗಳು ಊಟ ಮಾಡಲಿಲ್ಲ, ನನ್ನ ಜೊತೆ ಮಾತಾಡಲೂ ಇಲ್ಲ. ಹಾಲು ಹಿಂಡಿ ಬಟ್ಟಲಿಗೆ ಹಾಕಿ ನರ್ಸಿನ ಕೈಗೆ ಕೊಡುತ್ತಿದ್ದಳು, ಅವರು ಅದನ್ನು ನಳಿಕೆಯಲ್ಲಿ ಮಗುವಿಗೆ ಹಾಕುತ್ತಿದ್ದರು.

ಹೊರಗೆ ಬೀಗರು ಕೇಳಿದಾಗ ಅರವತ್ತೆಂಟು ಎನ್ನಲು ಬಾಯಿ ಬರದೆ, ನಿನ್ನೆಯಷ್ಟೇ ಎಂದೆ. ಅವರಿಗೆ ಗೊತ್ತಾಯಿತು. ಹೊಂಗೆ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. "ಆವತ್ತು ಸೇದದೆ ಇದ್ದಿದ್ರೆ ನನ್ ಗಂಟೇನು ಹೋಗ್ತಿತ್ತು," ಎಂದು ನೆಲ ನೋಡುತ್ತಾ ಹೇಳಿದರು. ನಾಲ್ಕು ಗಂಟೆಯ ಬಸ್ಸಿಗೆ ಎದ್ದು ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಅರವತ್ತು. ನಾನು ನಂಬದೆ ಮೂರು ಸಲ ಎಣಿಸಿದೆ. ಅರವತ್ತು, ಐವತ್ತೊಂಬತ್ತು, ಅರವತ್ತೊಂದು. ಮೂರನ್ನೂ ಬರೆದೆ. ಪಕ್ಕೆಲುಬಿನ ಕೆಳಗಿನ ಗುಳಿ ಇತ್ತು, ಆದರೆ ನಿನ್ನೆಯಷ್ಟು ಆಳವಿಲ್ಲ ಎನ್ನಿಸಿತು. ಆಸೆಗೆ ಹಾಗೆ ಕಾಣುತ್ತಿರಬಹುದು ಎಂದು ಮಗಳನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, "ಕಮ್ಮಿ ಆಗಿದೆ," ಎಂದಳು. ಹಿಂದಿನ ಮಧ್ಯಾಹ್ನದಿಂದ ಅವಳು ನನಗೆ ಆಡಿದ ಮೊದಲ ಮಾತು ಅದು.

ಆಮೇಲೆ ಒಂದೊಂದಾಗಿ ಕಾಣಿಸಿಕೊಂಡವು. ಮಧ್ಯಾಹ್ನ ಮೂಗಿನ ಹೊಳ್ಳೆ ಅರಳುವುದು ನಿಂತಿತು. ಬಟ್ಟೆ ಒದ್ದೆಯಾಯಿತು, ಎರಡು ಗಂಟೆಯಲ್ಲಿ ಇನ್ನೊಮ್ಮೆ ಆಯಿತು, ನಾನು ಆ ಖಾನೆಯಲ್ಲಿ ಎರಡು ಗೀಟು ಎಳೆದೆ. ಸಂಜೆ ಡಾಕ್ಟರ ಅಪ್ಪಣೆ ಪಡೆದು ಮೊಲೆಗೆ ಹಾಕಿಕೊಂಡಾಗ ಮಗು ಮೂರು ನಿಮಿಷ ಕುಡಿಯಿತು, ಸುಸ್ತಾಗಿ ಬಿಟ್ಟಿತು, ದಮ್ಮು ತೆಗೆದುಕೊಂಡು ಮತ್ತೆ ಕುಡಿಯಿತು. ಮಗಳ ಕಣ್ಣೀರು ಮಗುವಿನ ಕೆನ್ನೆಯ ಮೇಲೆ ಬಿತ್ತು, ಅದಕ್ಕೆ ಮಗು ಮುಖ ಕಿವುಚಿತು. ಮುಖ ಕಿವುಚುವಷ್ಟು ಶಕ್ತಿ ಬಂದಿದೆಯಲ್ಲ ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಐದನೆಯ ದಿನ ಬೆಳಗಿನ ಲೆಕ್ಕ ಐವತ್ತೆರಡು. ನೋಟ್‌ಬುಕ್ಕು ಹಿಡಿದುಕೊಂಡೇ ಗೇಟಿನ ಹತ್ತಿರ ಓಡಿದೆ. ಬೀಗರು ಆಗತಾನೆ ಬಂದಿದ್ದರು. ಸಂಖ್ಯೆ ಕೇಳಿ ಅವರ ಮುಖದ ಮೇಲೆ ಮೊದಲ ಸಲ ನಗು ಬಂತು. ಬಟ್ಟೆ ಚೀಲದಿಂದ ಒಂದು ಬಿಳಿ ಅಂಗಿ ತೆಗೆದು ತೋರಿಸಿದರು. ಚೆನ್ನಾಗಿ ಒಗೆದು, ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು.

"ಮೊದಲ್ನೇ ದಿನದಿಂದ ತತ್ತಾ ಇವ್ನಿ ಟೀಚರಮ್ಮ. ಸೋಪಾಕಿ ಒಗ್ಸಿ, ಬಿಸ್ಲಲ್ಲಿ ಒಣಗ್ಸಿದ್ದು. ಬೀಡಿ ಬಿಟ್ಟು ನಾಲ್ಕು ದಿನ ಆಯ್ತು, ಇದಕ್ಕೆ ವಾಸ್ನೆ ಸೋಕಿಲ್ಲ. ಒಳಿಕ್ಕೆ ಬಿಟ್ರೆ ಹಾಕ್ಕಂಡು, ದೂರದಿಂದ ಒಂದ್ ಸಾರಿ ನೋಡಿ ಹೋಗಾನ ಅಂತ. ಎತ್ಕಳಲ್ಲ. ಆ ಯೋಗ್ಯತೆ ಕಳ್ಕಂಡೆ."

ಮೂರು ದಿನ ಆ ಮನುಷ್ಯ ದಿನಾ ಒಗೆದ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು, ಮರದ ಕೆಳಗೆ ನಿಂತು, ಅದನ್ನು ಹಾಕಿಕೊಳ್ಳದೆ ವಾಪಸು ತೆಗೆದುಕೊಂಡು ಹೋಗಿದ್ದರು. ಗೇಟಿನ ಕಂಬಿ ಹಿಡಿದುಕೊಂಡೆ.

"ಬೀಗರೇ, ಮಗೂಗೆ ದಿನಾ ಸಾಂಬ್ರಾಣಿ ಹೊಗೆ ಹಾಕಿದ್ದು ನಾನು. ಕೆಮ್ಮು ಬಂದ ಮೇಲೆ ಎರಡರಷ್ಟು ಹಾಕಿದೆ. ಡಾಕ್ಟರು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ನಿಮ್ಮ ಬೀಡಿ ವಿಷಯ ಎತ್ತಿ ಹೇಳಿದ್ದೂ ನಾನೇ."

ಅವರು ಅಂಗಿಯನ್ನು ಮತ್ತೆ ಕವರಿಗೆ ಹಾಕಿದರು. ಕವರಿನ ಬಾಯಿ ಮಡಿಸಿದರು. ಬೈಯುತ್ತಾರೆ ಎಂದು ನಾನು ಕಾದೆ, ಬೈದಿದ್ದರೆ ಎದೆ ಹಗುರವಾಗುತ್ತಿತ್ತು.

"ಡಾಕ್ಟ್ರಿಗೆ ಹೇಳಿದ್ರಾ?" ಎಂದರು.

"ಇಲ್ಲ."

"ಐದು ದಿನದಿಂದ ಅವ್ರು ತಿಳೀದೆ ಔಷ್ದಿ ಕೊಡ್ತಾವ್ರೆ. ಮೊದ್ಲು ಅಲ್ಲಿ ಹೋಗಿ ಹೇಳಿ. ನನ್ ತಾವ ಹೇಳಿ ಏನ್ ಬಂತು? ಮಗೀನ ಉಳಿಸ್ತಿರೋರು ಅವ್ರು, ನಾನಲ್ಲ."

ಶಾಲೆಯಲ್ಲಿ ಇನ್‌ಸ್ಪೆಕ್ಟರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಡಾಕ್ಟರು ಮಗುವಿನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು, ಮಗಳು ಪಕ್ಕದಲ್ಲಿ ನಿಂತಿದ್ದಳು. ನಾನು ಹೇಳಿದೆ. ಕರಟದ ಕೆಂಡ, ಓಮ, ಬುಟ್ಟಿ, ಮುಚ್ಚಿದ ಕಿಟಕಿ, ಎಲ್ಲವನ್ನೂ ಹೇಳಿದೆ. ಡಾಕ್ಟರು ಸ್ಟೆತಸ್ಕೋಪ್ ಕಿವಿಯಿಂದ ತೆಗೆದು ನನ್ನನ್ನೇ ನೋಡಿದರು.

"ಮೊದಲನೇ ದಿನವೇ ಕೇಳಿದ್ದೆನಲ್ಲ."

"ಕೇಳಿದ್ರಿ."

"ಹೊಗೆಯಿಂದಲೇ ಬಂತು ಅಂತ ನಾನು ಹೇಳಲ್ಲ. ಸೋಂಕು ಯಾರಿಂದಲೋ ಬಂದಿರುತ್ತೆ. ಆದರೆ ಉಸಿರಾಡೋಕೆ ಒದ್ದಾಡ್ತಿರೋ ಎದೆಗೆ ಹೊಗೆ ತುಂಬಿದ್ರೆ ಇನ್ನೂ ಕೆಡುತ್ತೆ. ಬೀಡಿದಾದ್ರೂ ಅಷ್ಟೇ, ಸಾಂಬ್ರಾಣಿದಾದ್ರೂ ಅಷ್ಟೇ. ಗೊತ್ತಿಲ್ಲದೆ ಮನೆಗೆ ಕಳಿಸಿದ್ದಿದ್ರೆ ನೀವು ನಾಳೆ ಮತ್ತೆ ಹಾಕ್ತಿದ್ರಿ, ಅಲ್ವಾ?" ಎಂದು ಕೇಳಿ, ಕಡತದಲ್ಲಿ ಒಂದು ಸಾಲು ಬರೆದು ಹೋದರು. ಹೌದು, ಹಾಕುತ್ತಿದ್ದೆನೋ ಏನೋ. ಕಫ ಪೂರಾ ಹೋಗಲಿ ಎಂದು ಹಾಕುತ್ತಿದ್ದೆನೋ ಏನೋ.

ಡಾಕ್ಟರು ಆಚೆ ಹೋದ ಮೇಲೆ ಮಗಳು ಗೋಡೆಗೆ ಒರಗಿ ಅತ್ತಳು. ನಾನು ಅವಳ ಭುಜ ಮುಟ್ಟಲು ಹೋದರೆ ಕೈ ತಳ್ಳಿದಳು. "ನಾನೂ ಅಲ್ಲೇ ಇದ್ದೆನಲ್ಲಮ್ಮ. ನೀನು ಇಲ್ಲ ಅಂದಾಗ ನಾನು ಬಾಯಿ ಬಿಡ್ಲಿಲ್ಲ. ನಿನ್ನ ಮರ್ಯಾದೆ ಹೋಗುತ್ತಲ್ಲ ಅಂತ ಸುಮ್ಮನಿದ್ದೆ. ಪಕ್ಕದಲ್ಲೇ ನನ್ನ ಮಗು ಏದುಸಿರು ಬಿಡ್ತಿತ್ತು, ನಾನು ನಿನ್ನ ಮರ್ಯಾದೆ ನೋಡ್ದೆ," ಎಂದಳು. ಅವಳನ್ನು ಹಾಗೆ ಬೆಳೆಸಿದ್ದು ನಾನೇ. ಸ್ವಲ್ಪ ಹೊತ್ತಿಗೆ ಅವಳು ಮುಖ ತೊಳೆದುಕೊಂಡು ಹೊರಗೆ ಹೋಗಿ, ಮಾವನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು.

ಅವರು ಮೊದಲು ಬಚ್ಚಲಿಗೆ ಹೋಗಿ ಅಂಗಿ ಬದಲಿಸಿದರು. ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆದರು. ಬಾಗಿಲ ಹತ್ತಿರವೇ ನಿಂತರು. ಮಗು ಆ ಹೊತ್ತಿಗೆ ಮೂಗಿನ ಪೈಪು ಹಿಡಿದು ಎಳೆಯುತ್ತಿತ್ತು, ಪ್ಲಾಸ್ಟರು ಅರ್ಧ ಕಿತ್ತು ಬಂದಿತ್ತು. ನರ್ಸು ಬಂದು ಅದರ ಕೈ ಬಿಡಿಸಿ ಮತ್ತೆ ಅಂಟಿಸಿದಳು. ಅದಕ್ಕೆ ಬಂತು ಕೋಪ. ಮುಖ ಕೆಂಪಗೆ ಮಾಡಿಕೊಂಡು, ಕಾಲು ಝಾಡಿಸಿ, ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕಿರುಚಿತು. ಐದು ದಿನದಲ್ಲಿ ಮೊದಲ ಸಲ ಆ ಗಂಟಲು ಕೇಳಿದ್ದು. ಬೀಗರು ಗಾಬರಿಯಿಂದ ಬಾಗಿಲಾಚೆ ಸರಿದರು, ತಾವು ಬಂದದ್ದಕ್ಕೇ ಅಳುತ್ತಿದೆ ಎಂದುಕೊಂಡರು. ನರ್ಸು ನಕ್ಕು, "ಅಳಲಿ ಬಿಡಿ ತಾತ, ಚೆನ್ನಾಗಿ ಅಳಲಿ," ಎಂದಳು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು, ಆ ಅಳು ನಿಲ್ಲದಿರಲಿ ಎಂದು ದೇವರನ್ನು ಬೇಡಿಕೊಂಡೆ. ಮಗು ಅಳಲಿ ಎಂದು ಬೇಡಿಕೊಂಡದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಆರನೆಯ ದಿನ ಆಕ್ಸಿಜನ್ ತೆಗೆದರು, ಎಂಟನೆಯ ದಿನ ಮನೆಗೆ ಕಳಿಸಿದರು. ಅಂದಿನ ಎಣಿಕೆ ನಲವತ್ತೆರಡು. ಮನೆಗೆ ಬಂದ ಮೇಲೂ ಮೂರು ವಾರ ಕೆಮ್ಮು ಇತ್ತು. ಹಾಲು ಕುಡಿಯುತ್ತಾ, ಆಡುತ್ತಾ, ಅಳುತ್ತಾ ಇದ್ದರೆ ಕೆಮ್ಮಿಗೆ ಹೆದರಬೇಡಿ, ಗುಳಿ ಬಿದ್ದರೆ, ಉಸಿರು ಏರಿದರೆ, ಮಂಕಾದರೆ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ಒಂದೊಂದು ಕೆಮ್ಮಿಗೂ ನಾನು ನೋಟ್‌ಬುಕ್ಕು ಹಿಡಿದು ಓಡುತ್ತಿದ್ದೆ. ಮಗಳು ಬಟ್ಟೆ ಸರಿಸಿ ಹೊಟ್ಟೆ ತೋರಿಸುತ್ತಿದ್ದಳು.

ನೀರು ಹಾಕುವುದನ್ನು ಅವಳೇ ವಹಿಸಿಕೊಂಡಳು. ಸ್ನಾನ ಮಾಡಿಸಿ, ತಲೆಯನ್ನು ಒಣ ಟವೆಲಿನಲ್ಲಿ ಒತ್ತಿ ಒರೆಸಿ, ಅಂಗಳದ ಬಿಸಿಲಿನಲ್ಲಿ ಹತ್ತು ನಿಮಿಷ ಕೂರುತ್ತಿದ್ದಳು. ನಾನು ಚೊಂಬು ತಂದುಕೊಡುತ್ತಿದ್ದೆ, ನೀರು ಬೆರೆಸಿಕೊಡುತ್ತಿದ್ದೆ. ಅಗ್ಗಿಷ್ಟಿಕೆ ಹಿತ್ತಲಿನಲ್ಲಿ ಬೋರಲು ಬಿದ್ದಿತ್ತು. ಆಮೇಲೆ ಎದುರು ಮನೆಯವರು ಅವರ ಮೊಮ್ಮಗನಿಗೆ ನೀರು ಹಾಕಲು ಕರೆದರು. ನೀರು ಹಾಕುತ್ತೇನೆ, ಹೊಗೆ ಹಾಕುವುದಿಲ್ಲ, ನಮ್ಮ ಮನೆಯಲ್ಲಿ ಹೀಗಾಯಿತು ಎಂದು ಎಲ್ಲ ಬಿಡಿಸಿ ಹೇಳಿದೆ. ಹೌದಾ ಎಂದು ಕೇಳಿಸಿಕೊಂಡು ಹೋಗಿ, ಮಾರನೆಯ ದಿನದಿಂದ ಬೇರೆಯವರನ್ನು ಕರೆಸಿಕೊಂಡರು. ಈಗ ಬೀದಿಯಲ್ಲಿ ಸಾಂಬ್ರಾಣಿ ವಾಸನೆ ಬಂದರೆ ನಾನು ಯಾರ ಮನೆ ಎಂದು ನೋಡಿಕೊಂಡು ಹೋಗಿ ಜಗಳ ಆಡುತ್ತೇನೆ. ನನ್ನನ್ನು ಕಂಡರೆ ಬಾಣಂತಿಯರ ತಾಯಂದಿರು ಬಾಗಿಲು ಮುಂದೆ ಮಾಡುತ್ತಾರೆ.

ಮಗುವಿಗೆ ಈಗ ಎರಡು ವರ್ಷ ತುಂಬುತ್ತಾ ಬಂದಿದೆ. ಹೋದ ತಿಂಗಳು ಅವರ ಊರಿಗೆ ಹೋಗಿದ್ದೆ. ರಾಗಿ ಕಟಾವಿನ ಸಮಯ. ಮೊಮ್ಮಗಳು ಜಗಲಿಯ ಮೇಲೆ ನನ್ನ ಜೊತೆ ಆಡುತ್ತಿದ್ದಳು. ಬೀಗರು ಹೊಲದಿಂದ ಬರುವುದು ದೂರದಲ್ಲಿ ಕಂಡಿತು. ತಾತಾ ಎಂದು ಕೂಗುತ್ತಾ ಓಡಿದಳು, ಓಡುವಾಗ ಒಂದು ಸಲವೂ ದಮ್ಮು ಕಟ್ಟಲಿಲ್ಲ, ನಾನು ಅದನ್ನೇ ನೋಡುತ್ತಿದ್ದೆ. ಹತ್ತಿರ ಬಂದು ಎರಡು ಕೈ ಮೇಲೆತ್ತಿ ನಿಂತಳು. ಅವರು ಎತ್ತಿಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರು.

"ಇರು ಇರು ಪುಟ್ಟಿ, ಮುಟ್ಟಬ್ಯಾಡ. ಕೈ ತೊಳ್ದು, ಅಂಗಿ ಬದಲಾಯಿಸ್ಕಂಡು ಬತ್ತೀನಿ."

ಬೀಡಿ ಬಿಟ್ಟು ಒಂದೂವರೆ ವರ್ಷ ದಾಟಿದೆ. ದಿನಾ ಹೀಗೇ ಮಾಡುತ್ತಾರೆ ಎಂದು ಮಗಳು ಹೇಳಿದಳು. "ಬೀಗರೇ, ನಿಮ್ಮಿಂದ ಆಗಿದ್ದಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ," ಎಂದೆ.

"ಹೇಳಿದ್ರಿ ಟೀಚರಮ್ಮ. ನೆಪ್ಪೈತೆ," ಎಂದು ಅವರು ಬಚ್ಚಲ ಕಡೆ ಹೋದರು. ಮೊಮ್ಮಗಳು ಜಗಲಿಗೆ ವಾಪಸು ಬಂದು, ದಿನಾ ಕಾಯುವವಳ ಹಾಗೆ, ತಾತನ ಒಗೆದ ಅಂಗಿ ನೇತುಹಾಕಿದ್ದ ಮೊಳೆಯ ಕೆಳಗೆ ಕೂತಳು.